ಬೂದು ಸೀರೆಗೊಂದು ರವಿಕೆ

ಶಾಲೆಗೆ ಉಡಲು ನನ್ನ ಬಳಿ ಇರುವುದು ಆರು ಸೀರೆ, ಒಂಬತ್ತು ರವಿಕೆ. ಇಷ್ಟರಲ್ಲೇ ವರ್ಷವಿಡೀ ಹೊಸದು ಉಟ್ಟವಳ ಹಾಗೆ ಕಾಣುತ್ತೇನೆಂದು ನಮ್ಮ ಸ್ಟಾಫ್ ರೂಮಿನಲ್ಲಿ ಹೆಸರು ಮಾಡಿದ್ದೇನೆ. ಅದೇನೂ ಮಂತ್ರವಲ್ಲ. ಕಪ್ಪು ರವಿಕೆ ನಾಲ್ಕು ಸೀರೆಗೆ ನಡೆಯುತ್ತದೆ. ಹಳದಿ ಸೀರೆಗೆ ಈ ವಾರ ಕೆಂಪು ತೊಟ್ಟರೆ ಮುಂದಿನ ವಾರ ಹಸಿರು. ಒಡಲು ಸವೆದ ಸೀರೆಯ ಅಂಚು ಬಿಚ್ಚಿಸಿ ಬೋಳು ಸೀರೆಗೆ ಹೊಲಿಸುತ್ತೇನೆ. ತೀರಾ ಹಳತಾದದ್ದು ಮಗಳ ಉದ್ದಲಂಗವಾಗುತ್ತದೆ, ಅದರಲ್ಲೂ ಮಿಕ್ಕಿದ ತುಂಡು ನನ್ನ ಭಾನುವಾರದ ಕುರ್ತಾಕ್ಕೆ ಕೊರಳಪಟ್ಟಿಯಾಗುತ್ತದೆ.

ಅರಸೀಕೆರೆಯಿಂದ ಹಳೇಬೀಡಿಗೆ ನಾನು ಹಿಡಿಯುವ ಬಸ್ಸು ಯಾರಿಗಾಗಿಯೂ ನಿಲ್ಲುವುದಿಲ್ಲ. ಅದಕ್ಕೆ ಮೊದಲು ಮಗಳ ಎರಡು ಜಡೆ, ಮೂರು ಟಿಫಿನ್ ಡಬ್ಬಿ, ನಲ್ಲಿ ನೀರು ಬರುವ ದಿನವಾದರೆ ಆ ಗೋಳು ಬೇರೆ. ಸೀರೆ ಉಡಲು ಸಿಗುವುದು ಏಳೆಂಟು ನಿಮಿಷ. ಹಾಗಾಗಿ ಭಾನುವಾರವೇ ಕೂತು ವಾರಕ್ಕಾಗುವಷ್ಟು ಜೊತೆ ಮಾಡಿ, ಸೆರಗಿಗೆ ನೆರಿಗೆ ಹಿಡಿದು ಪಿನ್ನು ಹಾಕಿ, ಹ್ಯಾಂಗರಿಗೆ ತೂಗುಹಾಕಿಬಿಡುತ್ತೇನೆ. ಹಳೇಬೀಡಿನ ಗುಡಿಯ ಗೋಡೆಯ ಮೇಲೆ ಅಷ್ಟೊಂದು ಹೆಂಗಸರು ಸಿಂಗಾರ ಮಾಡಿಕೊಂಡು ನಿಂತಿದ್ದಾರಲ್ಲ, ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಅವರನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತದೆ. ಒಬ್ಬಳಿಗೂ ಟಿಫಿನ್ ಡಬ್ಬಿ ಕಟ್ಟುವ ಕೆಲಸವಿಲ್ಲ. ನೂರಾರು ವರ್ಷದಿಂದ ಅದೇ ಸಿಂಗಾರ, ಆದರೂ ಯಾರೂ ಮತ್ತೆ ಇದೇನಾ ಎಂದು ಕೇಳಿಲ್ಲ.

ಈ ವಿದ್ಯೆ ನನಗೆ ಕಲಿಸಿದ್ದು ಅಮ್ಮ. ಕಣಕಟ್ಟೆಯ ಹತ್ತಿರ ತೆಂಗಿನ ತೋಟ, ರಾಗಿ ಹೊಲ ನೋಡಿಕೊಂಡು ಬದುಕಿದವಳು. ಹೊರಗೆ ಹೋಗಲು ಅವಳಿಗಿದ್ದದ್ದು ಎರಡೇ ಸೀರೆ. ಆದರೆ ಬಸ್ಸು ಹತ್ತಿದರೆ ಕಂಡಕ್ಟರ್ ಕೂಡ ತಾನಾಗಿ ಎದ್ದು ಜಾಗ ಮಾಡಿಕೊಡುತ್ತಿದ್ದ, ಹಾಗಿರುತ್ತಿದ್ದಳು. "ಸೀರೆ ಯಾವ್ದಾದ್ರೂ ಇರ್ಲಿ ಕಣೇ, ಮೊಕದ ಹತ್ರ ಇರೋದು ರವಿಕೆ. ಅದನ್ನ ನೋಡಿ ತಗಾ," ಎನ್ನುತ್ತಿದ್ದಳು. ನಾನು ಇವತ್ತಿಗೂ ರವಿಕೆಯಿಂದಲೇ ಶುರು ಮಾಡುತ್ತೇನೆ.

ನಾವಿಬ್ಬರೂ ಕೊನೆಯ ಸಲ ಒಟ್ಟಿಗೆ ಹೋದದ್ದು ಬೇಲೂರಿಗೆ. ದೇವಸ್ಥಾನದ ಬೀದಿಯ ಅಂಗಡಿಯೊಂದರಲ್ಲಿ ನಾನೊಂದು ಬೂದು ಬಣ್ಣದ ಹತ್ತಿ ಸೀರೆ ಎತ್ತಿಕೊಂಡೆ. ಅಮ್ಮನಿಗೆ ಇಷ್ಟವಾಗಲಿಲ್ಲ. "ಬೂದಿ ಬಣ್ಣ ಯಾಕೇ? ನಿನಗೇನ್ ವಯಸ್ಸಾಗೈತೆ?" ಎಂದಳು. ನಾನು ಬಿಡಲಿಲ್ಲ. ಅದಕ್ಕೆ ಹೊಂದುವ ರವಿಕೆ ಬಟ್ಟೆ ಆ ಅಂಗಡಿಯಲ್ಲಿರಲಿಲ್ಲ. ಅಮ್ಮ ಸೀರೆಯ ಅಂಚಿನಿಂದ ಒಂದು ಎಳೆ ಕಿತ್ತು, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮುಂದೆ ಯಾವ ಅಂಗಡಿಗೆ ಹೋದರೂ ಆ ಎಳೆ ಹಿಡಿದು ನೋಡಬಹುದಲ್ಲ ಎಂದು.

ಆ ವರ್ಷದ ಗೌರಿ ಹಬ್ಬಕ್ಕೆ ಅವಳೇ ಬಾಗಿನ ತಂದಳು. ಮೊರದಲ್ಲಿ ಅಕ್ಕಿ, ಬೆಲ್ಲ, ಬಳೆಯ ಜೊತೆ ಒಂದು ರವಿಕೆ ಕಣ. ಮಾವಿನ ಚಿಗುರಿನ ಬಣ್ಣ, ಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕಿ. ಹೊಸ ಬಟ್ಟೆಯನ್ನು ಹಾಗೇ ಕೊಡಬಾರದೆಂದು ಮೂಲೆಗೆ ಅರಿಶಿನ ಹಚ್ಚಿದ್ದಳು. ಅವಳ ಹೆಬ್ಬೆಟ್ಟು ಅಚ್ಚೊತ್ತಿದಂತೆ ಮೂಡಿತ್ತು. "ನಿನ್ನ ಬೂದಿ ಸೀರೆಗೆ ಸಿಕ್ತು ನೋಡು," ಎಂದು ಮಡಿಕೆ ಬಿಚ್ಚಿ ಹಿಡಿದಳು. ನಾನು ಒಲೆಯ ಮುಂದೆ ಕಡುಬು ನೋಡುತ್ತಿದ್ದೆ. ತಿರುಗದೆ, "ಚೆನ್ನಾಗಿದೆ, ಇಡಮ್ಮ, ಆಮೇಲೆ ಹೊಲಿಸ್ತೀನಿ," ಎಂದೆ.

ಆಮೇಲೆ ಎಂಬುದು ಬರಲಿಲ್ಲ. ಮಧ್ಯಾವಧಿ ಪರೀಕ್ಷೆ, ಮಗಳಿಗೆ ಜ್ವರ, ಚುನಾವಣೆ ಕೆಲಸ, ಹೀಗೆ ಒಂದಲ್ಲ ಒಂದು. ಸಂಕ್ರಾಂತಿಗೆ ಎಳ್ಳುಬೆಲ್ಲ ಬೀರುವ ಹೊತ್ತಿಗೆ ಅಮ್ಮನೇ ಇರಲಿಲ್ಲ. ಎದೆನೋವೆಂದು ಮಲಗಿದವಳು ಏಳಲಿಲ್ಲ. ನಾನು ಅದನ್ನು ಇಲ್ಲಿ ಹೆಚ್ಚು ಬರೆಯಲಾರೆ.

ಇನ್ನು ನಾನು ಮಾಡಿದ ತಪ್ಪಿನ ವಿಷಯ. ನಮ್ಮ ಕಡೆ ಯಾವ ಮನೆಗೆ ಹೋದರೂ ಹೊರಡುವಾಗ ಅರಿಶಿನ ಕುಂಕುಮದ ಜೊತೆ ರವಿಕೆ ಕಣ ಕೊಡುತ್ತಾರೆ. ಹಾಗೆ ಬಂದದ್ದನ್ನು ಹೊಲಿಸುವವರು ಅಪರೂಪ. ಎಲ್ಲರ ಮನೆಯಲ್ಲೂ ಅದಕ್ಕೊಂದು ಚೀಲವಿರುತ್ತದೆ. ಬಂದದ್ದು ಚೀಲ ಸೇರುತ್ತದೆ, ಯಾರಾದರೂ ಬಂದಾಗ ಅದರಿಂದಲೇ ಒಂದು ಹೊರಡುತ್ತದೆ. ಒಮ್ಮೆ ನಾನೇ ಕೊಟ್ಟ ನೇರಳೆ ಕಣ ಎರಡು ವರ್ಷ ಊರೂರು ತಿರುಗಿ ನನ್ನ ಮಡಿಲಿಗೇ ವಾಪಸ್ ಬಂದಿತ್ತು. ಅಮ್ಮನ ಕಣವನ್ನು, ಅವಳು ಹೊರಟ ಮೇಲೆ ಒಂದು ಸಲ ಕಣ್ಣಾಡಿಸಿ, ಹಬ್ಬದ ಗಡಿಬಿಡಿಯಲ್ಲಿ ನಾನು ಆ ಚೀಲಕ್ಕೇ ತುರುಕಿದ್ದೆ.

ಅದು ನೆನಪಾದದ್ದು ಮುಂದಿನ ಗೌರಿ ಹಬ್ಬಕ್ಕೆ. ಅತ್ತಿಗೆ ತವರಿನ ಬಾಗಿನ ತಪ್ಪಿಸದೆ ಕಳಿಸಿದ್ದಳು, ಪಾಪ. ಆ ಮೊರ ನೋಡಿದ್ದೇ ನನಗೆ ಅಮ್ಮ ಬೇಕೇ ಬೇಕು ಎನ್ನಿಸಿಬಿಟ್ಟಿತು, ಚಿಕ್ಕ ಮಕ್ಕಳಿಗೆ ಎನ್ನಿಸುತ್ತದಲ್ಲ ಹಾಗೆ. ಇವತ್ತೇ ಆ ರವಿಕೆ ಹೊಲಿಯಲು ಕೊಡುತ್ತೇನೆ ಎಂದು ಚೀಲ ಸುರಿದೆ. ಹದಿನಾಲ್ಕು ಕಣ ಇದ್ದವು. ಅದಿರಲಿಲ್ಲ.

ಯಾರಿಗೆ ಹೋಗಿರಬಹುದೆಂದು ಲೆಕ್ಕ ಹಾಕುವಷ್ಟೇನೂ ಇರಲಿಲ್ಲ. ಅಮ್ಮ ಅದನ್ನು ತಂದ ಮೇಲೆ ನಮ್ಮ ಮನೆಯಿಂದ ಕಣ ತೆಗೆದುಕೊಂಡು ಹೋದವರು ಒಬ್ಬರೇ, ನನ್ನ ಗಂಡನ ಸೋದರತ್ತೆ, ಬಾಣಾವರದವರು. ಯುಗಾದಿಯ ಆಸುಪಾಸಿನಲ್ಲಿ ಮೊಮ್ಮಗುವಿನ ನಾಮಕರಣಕ್ಕೆ ಕರೆಯಲು ಬೆಳಿಗ್ಗೆಯೇ ಬಂದಿದ್ದರು. ಬಸ್ಸಿನ ಹೊತ್ತು ಮೀರುತ್ತಿತ್ತು. ಚೀಲಕ್ಕೆ ಕೈ ಹಾಕಿ, ಸಿಕ್ಕಿದ್ದನ್ನು ತೆಂಗಿನಕಾಯಿಯ ಜೊತೆ ಅವರ ಮಡಿಲಿಗಿಟ್ಟು ಕಾಲಿಗೆ ಬಿದ್ದಿದ್ದೆ. ಏನು ಕೊಟ್ಟೆನೆಂದು ನೋಡಿರಲಿಲ್ಲ.

ಭಾನುವಾರ ರೈಲು ಹತ್ತಿ ಬಾಣಾವರಕ್ಕೆ ಹೋದೆ.

"ಓ, ಆ ಚುಕ್ಕೀದಾ? ಅದನ್ನ ನಮ್ಮ ಬೀಗಿತ್ತಿ ಮಡಿಲಿಗೆ ಇಟ್ನಲ್ಲ, ಹುಲಿಕೆರೆಯೋರ್ಗೆ. ಯಾಕವ್ವ?" ಎಂದರು ಅತ್ತೆ. ಬೀಗಿತ್ತಿ ಎಂದರೆ ಅವರ ಮಗಳ ಅತ್ತೆ.

"ಅದು ನಮ್ಮಮ್ಮ ಕೊಟ್ಟಿದ್ದು, ಅತ್ತೆ."

ಅವರು ನನ್ನ ಕೈ ಹಿಡಿದುಕೊಂಡರು. ಆಮೇಲೆ, "ನನ್ನ ಹತ್ರ ಇದ್ದಿದ್ರೆ ಈಗ್ಲೇ ತೆಗ್ದು ಕೊಡ್ತಿದ್ದೆ. ಬೀಗರಿಗೆ ಕೊಟ್ಟಿದ್ದ ಹೆಂಗವ್ವ ವಾಪಸ್ ಕೇಳೋದು? ನನ್ನ ಮಗಳು ಬಾಳೋ ಮನೆ ಅದು. ನಾಳೆ ಅವ್ಳು ತಲೆ ಎತ್ತಂಗಿಲ್ಲ. ನೀನೂ ಕೇಳ್ಬ್ಯಾಡ, ನನ್ನಾಣೆ," ಎಂದರು.

ಕೇಳುವುದಿಲ್ಲ ಎಂದು ಮಾತು ಕೊಟ್ಟೆ. ರೈಲಿನಲ್ಲಿ ಬರುವಾಗ ಅವರ ಮೇಲೆ, ಆ ಬೀಗರ ಮೇಲೆ, ಈ ಸುಡುಗಾಡು ಕಣದ ಚೀಲದ ಮೇಲೆ ಸಿಟ್ಟು ಬಂತು. ಕೊಟ್ಟವಳು ನಾನೇ ಎಂಬುದು ನೆನಪಾದಾಗ ಸಿಟ್ಟೂ ಉಳಿಯಲಿಲ್ಲ.

ಆದರೆ ನಾನು ಮಾತು ಕೊಟ್ಟದ್ದು ಕೇಳುವುದಿಲ್ಲ ಎಂದು, ನೋಡುವುದಿಲ್ಲ ಎಂದಲ್ಲ. ಹುಲಿಕೆರೆ ನಮ್ಮ ಶಾಲೆಗೆ ಹತ್ತಿರ. ಒಂದು ಶನಿವಾರ ಬೆಳಗಿನ ತರಗತಿ ಮುಗಿಸಿ ಆಟೋ ಹಿಡಿದೆ. ಕಲ್ಯಾಣಿಯ ಹತ್ತಿರ ಇಳಿದು ವಿಚಾರಿಸಿದರೆ ಮನೆ ಸಿಕ್ಕಿತು. ಆಕೆ ಅಂಗಳದಲ್ಲಿ ರಾಗಿ ಕೇರುತ್ತಾ ಕೂತಿದ್ದರು. ಮಾಸಿದ ಹಸಿರು ಸೀರೆ. ಮೇಲೆ ಮಾವಿನ ಚಿಗುರಿನ ಬಣ್ಣದ ರವಿಕೆ.

ನಾನು ಯಾರೆಂದು ಹೇಳಿದೆ. "ಬಾಣಾವರದ ಅತ್ತೆಯೋರ ಸೊಸೇನಾ? ಬಾರವ್ವ, ಇಷ್ಟು ಹತ್ರ ಇದ್ದು ಇವತ್ತು ದಾರಿ ಸಿಕ್ತಾ?" ಎಂದು ಚಾಪೆ ಹಾಸಿದರು, ಮಜ್ಜಿಗೆ ತಂದರು. ಅದನ್ನು ಕುಡಿದು ಲೋಟ ಕೆಳಗಿಟ್ಟೆ. ಕೊನೆಗೆ, ಹೆಂಗಸರು ಹೆಂಗಸರನ್ನು ಯಾವಾಗಲೂ ಕೇಳುವುದನ್ನೇ ಕೇಳಿದೆ.

"ರವಿಕೆ ಚೆನ್ನಾಗಿ ಕೂತಿದೆ. ಯಾರು ಹೊಲಿದದ್ದು?"

ಹಾಗೆ ಕೇಳಿದ ಮೇಲೆ ಬಟ್ಟೆ ಮುಟ್ಟಿ ನೋಡಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ತೋಳಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದೆ. ಮೆತ್ತಗಿತ್ತು. ಅಮ್ಮ ಎಷ್ಟು ಅಂಗಡಿ ಹತ್ತಿಳಿದು, ಆ ಎಳೆ ಹಿಡಿದು ನೋಡಿ ಇದನ್ನು ಆರಿಸಿದ್ದಳೋ.

"ನನ್ನ ಸೊಸೆನೇ ಹೊಲ್ದಿದ್ದು. ನಿಮ್ಮತ್ತೆಯೋರೇ ಕೊಟ್ಟ ಕಣ. ಇದು ಕೈಯಿಂದ ಕೈಗೆ ದಾಟ್ಸೋ ಅಂಥದ್ದಲ್ಲ ಕಣವ್ವ, ಯಾರೋ ಯಾರಿಗೋ ಅಂತ ಮನಸಿಟ್ಟು ತಂದಿರೋದು. ಮೂಲೇಲಿ ಅರಿಶಿನದ ಬೆಟ್ಟು ಎಷ್ಟು ಚೆನ್ನಾಗಿ ಮೂಡಿತ್ತು ಅಂತೀಯ."

"ಈಗಲೂ ಇದೆಯಾ?"

"ಎಲ್ಲಿ, ಒಂದೇ ಒಗೆತಕ್ಕೆ ಹೋಯ್ತು."

ನಾನು ತೋಳಿನ ಅಂಚನ್ನು ಬಿಟ್ಟಿರಲಿಲ್ಲ. ಆಕೆ ನನ್ನ ಮುಖ ನೋಡಿದರು. ಎದ್ದು ಒಳಗೆ ಹೋಗಿ ಕುಂಕುಮದ ಬಟ್ಟಲಿನ ಜೊತೆ ತಮ್ಮ ಚೀಲದಿಂದ ಒಂದು ಕಣ ತಂದರು. ಗಿಣಿ ಹಸಿರು, ಮಿರಮಿರ ಮಿಂಚುವ ಪಾಲಿಸ್ಟರ್, ಎಷ್ಟು ಕೈ ದಾಟಿತ್ತೋ, ಮಡಿಕೆಯ ಗೆರೆಯಲ್ಲಿ ಬಣ್ಣವೇ ಹೋಗಿತ್ತು. "ಅಂಥಾ ಚೆನ್ನಾಗೇನಿಲ್ಲ. ಯಾರಿಗಾದ್ರೂ ಕೊಡಕ್ಕಾಯ್ತದೆ, ಇಟ್ಕಳವ್ವ," ಎಂದು ಮಡಿಲಿಗಿಟ್ಟರು.

ಅರಸೀಕೆರೆಯಲ್ಲಿ ಬಸ್ಸಿಳಿದವಳು ಮನೆಗೆ ಹೋಗಲಿಲ್ಲ. ನೇರ ಟೈಲರ್ ಅಂಗಡಿಗೆ ಹೋಗಿ ಆ ಗಿಣಿ ಹಸಿರನ್ನು ಕೊಟ್ಟೆ. ನನ್ನ ರುಚಿ ಬಲ್ಲ ಆಕೆ, "ಇದನ್ನಾ ಮೇಡಂ? ನೀವಾ?" ಎಂದು ಎರಡು ಸಲ ಕೇಳಿದಳು. ಹೌದೆಂದೆ. ಇನ್ನೊಂದು ಕಣವನ್ನು ಆ ಚೀಲಕ್ಕೆ ಹಾಕಲು ನನ್ನಿಂದಾಗುತ್ತಿರಲಿಲ್ಲ.

ಹೊಲಿದು ಬಂದ ಮೇಲೆ ಒಂದು ಸೋಮವಾರ ಅದನ್ನು ತೊಟ್ಟು, ಅಲ್ಲಿಯವರೆಗೆ ಒಂದು ದಿನವೂ ಉಡದ ಬೂದು ಸೀರೆ ಉಟ್ಟೆ. ಜಡೆ ಹಾಕಿಸಿಕೊಳ್ಳಲು ಬಂದ ಮಗಳು ಬಾಗಿಲಲ್ಲೇ ನಿಂತಳು. ಅವಳ ಕಣ್ಣು ಅವಳಜ್ಜಿಯದೇ.

"ಅಮ್ಮಾ, ಇದು ಹೊಂದ್ತಾನೇ ಇಲ್ಲ."

"ಗೊತ್ತು ಕಣೇ," ಎಂದೆ. "ಹೊಂದೋದನ್ನ ನಮ್ಮಮ್ಮ ತಂದು ತೋರಿಸಿದ್ಲು. ನಾನೇ ತಿರುಗಿ ನೋಡ್ಲಿಲ್ಲ."