ಕಾಗದಕ್ಕೆ ಸಿಕ್ಕ ಬುಧ

ಚಾಮರಾಜಪುರಂನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ವಿಜ್ಞಾನದ ಟೀಚರ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆಂದರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಬುಧಗ್ರಹ ಸೂರ್ಯನ ಮುಂದೆ ಹಾದುಹೋದ ಆ ಬೆಳಿಗ್ಗೆ, ತಾರಸಿಯ ಮೇಲೆ ದುರ್ಬೀನಿನಿಂದ ಬಿಳಿ ಕಾಗದಕ್ಕೆ ಸೂರ್ಯನ ಬಿಂಬ ಬೀಳಿಸಿ, ಬಂದವರಿಗೆಲ್ಲ "ದುರ್ಬೀನಿಗೆ ಕಣ್ಣಿಡಬೇಡಿ, ಕಾಗದ ನೋಡಿ" ಎನ್ನುತ್ತಿದ್ದರು.

ಇದೂ ಗ್ರಹಣವೇ ಎಂದುಕೊಂಡ ನಮ್ಮತ್ತೆ ಉಪ್ಪಿನಕಾಯಿ ಜಾಡಿಗೆ ದರ್ಭೆ ಹಾಕಿ, ನನಗೆ ಒಲೆ ಹಚ್ಚಗೊಡದೆ ಮೇಲೆ ಬಂದರು. ಕಾಗದದ ಮೇಲಿನ ಚುಕ್ಕೆ ನೋಡಿ, "ಅದು ಮಸಿ ಕಣಮ್ಮ" ಎಂದರು.

ಟೀಚರ್ ಕಾಗದವನ್ನು ಅತ್ತಿತ್ತ ಸರಿಸಿದರು. ಚುಕ್ಕೆ ಸರಿಯಲಿಲ್ಲ, ಬಿಂಬದಲ್ಲೇ ನಿಂತಿತು.

"ಮಸಿಯಾಗಿದ್ರೆ ಕಾಗದದ ಜೊತೆ ಬರ್ಬೇಕಿತ್ತಲ್ಲಮ್ಮ!"

ಟೀಚರ ಕೈಯ ಕ್ಯಾಮೆರಾ ಕ್ಲಿಕ್ ಎಂದಿತು. "ಸಿಕ್ಬುಟ್ಟ!" ಎಂದು ಅವರು ಕೂಗಿದ್ದು ಬೀದಿಗೆಲ್ಲ ಕೇಳಿಸಿತು.

ಅತ್ತೆ ಇನ್ನೊಮ್ಮೆ ಬಗ್ಗಿ ನೋಡಿದರು. "ಈ ಎಳ್ಳುಕಾಳಿಗೋಸ್ಕರ ಕಾಫಿ ಬಿಟ್ಟು ಕೂತಿದ್ನೇ? ಹೋಗೇ, ಒಲೆ ಹಚ್ಚು. ಮೊದಲನೇ ಲೋಟ ಟೀಚರಿಗೆ."