ಹಿಂದಿನ ಎರಡು ಟೈರು

ನನ್ನ ಮನೆಯ ಹಿಂದಿನ ಕಟ್ಟಿಗೆ ಕೊಟ್ಟಿಗೆಯಲ್ಲಿ ಎಂಟು ವರ್ಷ ಒಂದು ಟೈರ್ ಇತ್ತು. ಕಾರಿನದ್ದೇ, ಆದರೆ ಲಾರಿಯದ್ದು ಅನ್ನುವಷ್ಟು ಅಗಲ. ಹೆಂಡತಿ ಇದ್ದಾಗ ಪ್ರತಿ ಮಳೆಗಾಲ ಕೇಳುತ್ತಿದ್ದಳು, "ಅದನ್ನು ಎಂತಕ್ಕೆ ಇಟ್ಟುಕೊಂಡದ್ದು? ನೀರು ನಿಂತು ಸೊಳ್ಳೆ ಆಗ್ತದೆ." ನಾನು ಅದಕ್ಕೆ ಗೋಣಿ ಹೊದೆಸಿದೆ. ಅವಳಿಗೆ ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಬೈಕಂಪಾಡಿಯಲ್ಲಿ ಹೆದ್ದಾರಿಯ ಬದಿಗೆ ನನ್ನ ಟೈರ್ ಅಂಗಡಿ. ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷವೇ ಪಂಚರ್ ಹಾಕಲು ಕುಳಿತವನು ನಾನು, ಆಮೇಲೆ ಅಂಗಡಿಯೇ ನನ್ನದಾಯಿತು. ಗಿರಾಕಿಗಳು ಹೆಚ್ಚಿನವರು ಲಾರಿಯವರು. ಟೈರಿನ ಮೇಲೆ ಹೆಬ್ಬೆರಳು ಒತ್ತಿ, ಉಗುರಿನಲ್ಲಿ ಗೀರಿ, ಇದು ಇನ್ನೆಷ್ಟು ಓಡುತ್ತದೆ ಎಂದು ಹೇಳುತ್ತಿದ್ದೆ. ಹೇಳಿದ್ದು ಹೆಚ್ಚುಕಡಿಮೆ ಸರಿಯಾಗುತ್ತಿತ್ತು. ಅದೇ ನನ್ನ ದೊಡ್ಡಸ್ತಿಕೆ.

ಹತ್ತಿರದ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಒಬ್ಬರು ಮಾಸ್ಟ್ರು ತಮ್ಮ ಸ್ಕೂಟರನ್ನು ನನ್ನಲ್ಲಿಗೇ ತರುತ್ತಿದ್ದರು. ಮನೆ ಬಿಜೈಯಲ್ಲಿ. ಅವರ ಹೆಂಡತಿಯ ತಮ್ಮ ಗಲ್ಫ್‌ನಲ್ಲಿದ್ದ. ಅವರಿಬ್ಬರ ತಾಯಿ ಬೇಗ ತೀರಿಹೋಗಿದ್ದರಿಂದ ಅವನನ್ನು ಸಾಕಿದ್ದು ಆ ಅಕ್ಕನೇ. ಬಜಪೆಯಲ್ಲಿ ಮನೆ ಕಟ್ಟಿಸಿದ್ದ, ಮನೆಯ ಶೆಡ್ಡಿನಲ್ಲಿ ಒಂದು ಸ್ಪೋರ್ಟ್ಸ್ ಕಾರು ಇಟ್ಟಿದ್ದ. ಬೇರೆಯವರು ಓಡಿಸಿದ್ದನ್ನು ತೆಗೆದುಕೊಂಡದ್ದು, ಆದರೂ ಅಂಥ ಕಾರು ನಮ್ಮ ಕಡೆ ಬೆರಳೆಣಿಕೆ. ಎರಡೇ ಸೀಟು. ಕೂತರೆ ನೆಲಕ್ಕೆ ಕೂತ ಹಾಗೆ.

ಆ ಕಾರು ನನ್ನ ಅಂಗಡಿಗೆ ಬಂದದ್ದು ಆಟಿ ತಿಂಗಳಲ್ಲಿ, ಮಳೆ ಬಿಡದೆ ಸುರಿಯುತ್ತಿದ್ದ ಒಂದು ಗುರುವಾರ ಬೆಳಿಗ್ಗೆ. ಅದರ ಸದ್ದಿಗೆ ಪಕ್ಕದ ವೆಲ್ಡಿಂಗ್ ಅಂಗಡಿಯವನು ಕೆಲಸ ಬಿಟ್ಟು ಬಂದ. ಟೈರ್ ಕೊಟ್ಟು ಕಾಯುತ್ತಿದ್ದ ಇಬ್ಬರು ಲಾರಿ ಡ್ರೈವರುಗಳು ಎದ್ದು ನಿಂತರು. ನಾವೆಲ್ಲ ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಅಣ್ಣ, ಭಾವ ಕಳಿಸಿದ್ರು," ಎಂದ ಕಾರಿನಿಂದ ಇಳಿದ ಆ ತಮ್ಮ. "ಟೈರಿನ ವಿಷಯದಲ್ಲಿ ನೀವು ಸುಳ್ಳು ಹೇಳುವವರಲ್ಲ ಅಂದ್ರು. ಮಳೆಗೆ ಯಾವುದು ಒಳ್ಳೇದು ಹೇಳಿ. ನಾನು ಇದನ್ನು ಓಡಿಸುವುದು ವರ್ಷಕ್ಕೆ ಒಂದು ತಿಂಗಳು. ಆ ತಿಂಗಳು ಪೂರಾ ಮಳೆ."

"ರಜೆ ಬೇಸಿಗೆಯಲ್ಲಿ ಹಾಕ್ಬೇಕಿತ್ತು ಮಾರಾಯ್ರೆ."

"ಮಕ್ಕಳ ಶಾಲೆಗೆ ಅಲ್ಲಿ ರಜೆ ಇರುವುದೇ ಈಗ ಅಲ್ವಾ. ನಾವು ಗಲ್ಫ್‌ನವರು ಊರಿನ ಬಿಸಿಲು ನೋಡದೆ ಎಷ್ಟೋ ವರ್ಷ ಆಯ್ತು."

ಎಲ್ಲರೂ ನಕ್ಕರು. ಆದಿತ್ಯವಾರ ಅಕ್ಕನನ್ನು ಕೂರಿಸಿಕೊಂಡು ಬಿಜೈಯಿಂದ ಬಜಪೆಗೆ ಬರಲಿಕ್ಕುಂಟು ಎಂದ. ಮೂರು ವರ್ಷದಿಂದ ಕರೆಯುತ್ತಿದ್ದಾನಂತೆ, ಅಕ್ಕ ಹೆದರಿ ಹತ್ತಲಿಲ್ಲವಂತೆ. ಈ ಸಲ ಒಪ್ಪಿದ್ದಾರೆ. "ನಿಧಾನ ಹೋಗ್ತೇನೆ ಅಂತ ದೇವರ ಎದುರು ಆಣೆ ಮಾಡಿಸಿದ್ದಾಳೆ," ಎಂದು ನಕ್ಕ. ಅದಕ್ಕೇ ಟೈರ್ ಬದಲಿಸುವ ಯೋಚನೆ.

ಮಳೆಗೆ ಟೈರ್ ಆರಿಸುವಾಗ ಗೆರೆಯ ಆಳ ನೋಡಬೇಕು. ಅಡಿಯ ನೀರನ್ನು ಹೊರಗೆ ತಳ್ಳುವುದು ಆ ಗೆರೆಗಳೇ. ಟೈರ್ ಅಗಲವಾದಷ್ಟೂ ನೀರಿನ ಮೇಲೆ ಬೇಗ ತೇಲುತ್ತದೆ, ಹಾಗಾಗಿ ಇಂಥ ಕಾರಿಗೆ ಆ ಗೆರೆಗಳು ಇನ್ನೂ ಮುಖ್ಯ. ಗೆರೆ ಇದ್ದರೂ ಸಾಲದು, ರಬ್ಬರ್ ಮೆತ್ತಗಿರಬೇಕು. ಓಡದೆ ನಿಂತ ಕಾರಿನ ಟೈರ್ ಸವೆಯುವುದಿಲ್ಲ, ಗೆರೆ ಹೊಸದರ ಹಾಗೆಯೇ ಕಾಣುತ್ತದೆ. ರಬ್ಬರ್ ಮಾತ್ರ ವರ್ಷ ಹೋದ ಹಾಗೆ ಕಲ್ಲಾಗುತ್ತದೆ. ಕಲ್ಲಾದ ಟೈರ್ ಒಣ ರಸ್ತೆಯಲ್ಲಿ ಹೇಗೋ ಹೋದೀತು, ಒದ್ದೆ ಡಾಮರನ್ನು ಹಿಡಿಯುವುದಿಲ್ಲ. ಇದು ನನಗೆ ಆಗ ಗೊತ್ತಿರಲಿಲ್ಲ ಎಂದು ಬರೆದರೆ ಇಷ್ಟು ಬರೆದದ್ದೂ ದಂಡ. ಗೊತ್ತಿತ್ತು.

ಕಾರನ್ನು ಜಾಕಿನ ಮೇಲೆ ಏರಿಸಿ ಚಕ್ರ ಬಿಚ್ಚಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆ ಅಚ್ಚು ಹಾಕಿರುತ್ತಾರೆ. ಮೊದಲಿನ ಎರಡು, ಅದು ತಯಾರಾದ ವಾರ. ಕೊನೆಯ ಎರಡು, ವರ್ಷ. ಕೆಲವು ಟೈರುಗಳಲ್ಲಿ ಅದು ಒಂದೇ ಬದಿಯಲ್ಲಿರುತ್ತದೆ. ಈ ಕಾರಿನ ಹಿಂದಿನ ಟೈರುಗಳಲ್ಲಿ ಒಳಬದಿಗೆ ಇತ್ತು, ಚಕ್ರ ಬಿಚ್ಚಿದವನಿಗೆ ಮಾತ್ರ ಕಾಣುವಲ್ಲಿ. ಒರೆಸಿ ನೋಡಿದೆ. ಒಂಬತ್ತು ವರ್ಷ ಹಳೆಯವು. ಹೆಬ್ಬೆರಳು ಒತ್ತಿದರೆ ತಗ್ಗಲಿಲ್ಲ. ಗೆರೆಗಳ ಬುಡದಲ್ಲಿ ಕೂದಲೆಳೆಯ ಹಾಗೆ ಬಿರುಕು.

ಎದುರಿನ ಚಕ್ರದ ಅಳತೆ ಪೇಟೆಯಲ್ಲಿ ಸಿಗುತ್ತಿತ್ತು, ಮಧ್ಯಾಹ್ನದೊಳಗೆ ತರಿಸಬಹುದಿತ್ತು. ಹಿಂದಿನದ್ದು ಇನ್ನೂ ಅಗಲ. ಅದು ಬೆಂಗಳೂರಿನಿಂದ ಬರಬೇಕು, ಐದಾರು ದಿನ. ನಾನು ಹೇಳಬೇಕಾಗಿದ್ದದ್ದು ಇಷ್ಟೇ: ಹಿಂದಿನದ್ದು ಹೋಗಿದೆ, ಅದು ಬರುವವರೆಗೆ ಕಾರು ತೆಗೆಯಬೇಡಿ, ಅಕ್ಕನನ್ನು ಬೇರೆ ಕಾರಿನಲ್ಲಿ ಕರೆದುಕೊಂಡು ಹೋಗಿ. ಅಷ್ಟು ಹೇಳುವ ಮೊದಲು ಅವನೇ ಅಂದ, "ನಿಮ್ಮಲ್ಲಿ ಸೈಜ್ ಇಲ್ಲದಿದ್ರೆ ಬೇಜಾರಿಲ್ಲ ಅಣ್ಣ, ಪೇಟೆಯ ದೊಡ್ಡ ಶೋರೂಮಿನಲ್ಲಿ ಕೇಳ್ತೇನೆ."

ಅವನು ಕೊಂಕು ಆಡಿದ್ದಲ್ಲ. ಆದರೆ ಡ್ರೈವರುಗಳು ನನ್ನ ಮುಖ ನೋಡಿದರು. ಇಡೀ ಬೈಕಂಪಾಡಿ ನೋಡಿದ ಕಾರು ನನ್ನ ಅಂಗಡಿಯಿಂದ ಹಾಗೇ ವಾಪಸು ಹೋಗುವುದು ನನಗೆ ಬೇಡವಾಗಿತ್ತು.

"ಹಿಂದಿನದ್ದಕ್ಕೆ ಎಂತ ಆಗಿದೆ? ಗೆರೆ ಪೂರಾ ಉಂಟು," ಎಂದೆ. "ಎದುರಿನ ಎರಡು ಹೊಸತು ಹಾಕುವ. ಮಳೆಗೆ ಅಷ್ಟು ಸಾಕು."

ಅವನು ತಲೆ ಕೆರೆದುಕೊಂಡ. "ಅಣ್ಣ, ಈ ಕಾರಿನ ಬಲ ಎಲ್ಲ ಹಿಂದಿನ ಚಕ್ರಕ್ಕೆ ಅಲ್ವಾ? ಹಿಂದಿನದ್ದು ಹಿಡಿಯದಿದ್ರೆ ಕಷ್ಟ ಅಂತ ನಾನು ಓದಿದ್ದೆ. ಹೊಸತು ಎರಡೇ ಹಾಕುವುದಾದ್ರೆ ಹಿಂದೆಯೇ ಹಾಕಬೇಕಂತೆ."

ಅವನು ಹೇಳಿದ್ದು ಅಕ್ಷರಕ್ಕಕ್ಷರ ಸರಿ. ಲಾರಿಯವರು ಹೊಸ ಟೈರ್ ಎದುರು ಹಾಕುತ್ತಾರೆ, ಹಳೆಯದ್ದನ್ನು ಹಿಂದೆ. ಹಿಂದೆ ನಾಲ್ಕು, ಎಂಟು ಚಕ್ರ ಇರುತ್ತದೆ, ಒಂದು ಹೋದರೆ ಇನ್ನೊಂದು ಹೊರುತ್ತದೆ. ಆ ಲಾರಿಯ ಕ್ರಮವನ್ನೇ ನಾನು ಈ ಕಾರಿಗೆ ತಂದು ಕಟ್ಟಿದೆ, ಅದೂ ಗಟ್ಟಿ ಸ್ವರದಲ್ಲಿ.

"ಸ್ಟೇರಿಂಗ್ ಹಿಂದೆ ಉಂಟಾ ಎದುರು ಉಂಟಾ? ಮೊಬೈಲ್ ನೋಡಿ ಟೈರ್ ಕಲಿತವರಿಗೆ ನಾನೆಂತ ಹೇಳುವುದು! ನಾನು ಕಲಿತದ್ದು ಮೊಣಕಾಲು ಊರಿ."

ಡ್ರೈವರುಗಳು ಜೋರಾಗಿ ನಕ್ಕರು. ಒಬ್ಬ, "ಧಣಿಗಳೇ, ಈ ಅಣ್ಣನಿಗೆ ಕಲಿಸ್ಲಿಕ್ಕೆ ಹೋಗ್ಬೇಡಿ, ನಾಳೆ ವಿಮಾನದ ಟೈರನ್ನೂ ಇಲ್ಲಿಗೇ ತರ್ತಾರೆ," ಎಂದ. ಕಾರಿನವನೂ ನಕ್ಕ. ನಾಚಿಕೆಯಿಂದ ನಕ್ಕದ್ದು. "ಆಯ್ತು ಅಣ್ಣ, ನೀವು ಹೇಳಿದ ಹಾಗೆ," ಎಂದ.

ಎದುರಿಗೆ ಹೊಸ ಎರಡು ಹಾಕಿದೆ. ಹಿಂದಿನದ್ದನ್ನು ತೊಳೆದು ಕಪ್ಪು ಪಾಲಿಶ್ ಹಚ್ಚಿದೆ. ಬಿರುಕಿನ ಮೇಲೆ ಎರಡು ಸಲ ಹಚ್ಚಿದೆ. ನಾಲ್ಕೂ ಒಂದೇ ದಿನ ತಂದದ್ದರ ಹಾಗೆ ಹೊಳೆಯುತ್ತಿತ್ತು. ವೆಲ್ಡಿಂಗಿನವನು ಕಾರಿನ ಎದುರು ನನ್ನನ್ನು ನಿಲ್ಲಿಸಿ ಫೋಟೋ ತೆಗೆದ.

ಆದಿತ್ಯವಾರ ಮಧ್ಯಾಹ್ನ ಕಾವೂರು ದಾಟಿದ ಮೇಲೆ ಒಂದು ಇಳಿಜಾರಿನ ಬಲ ತಿರುವಿನಲ್ಲಿ ಕಾರಿನ ಹಿಂಭಾಗ ಹೊರಕ್ಕೆ ಜಾರಿತು. ಎದುರಿನ ಹೊಸ ಟೈರು ರಸ್ತೆಯನ್ನು ಹಿಡಿದುಕೊಂಡಿತು, ಹಿಂದಿನದ್ದು ಹಿಡಿಯಲಿಲ್ಲ. ಎಡ ಬದಿ ಹೋಗಿ ಕೆಂಪು ಕಲ್ಲಿನ ಗೋಡೆಗೆ ಬಡಿಯಿತು. ಅಕ್ಕ ಕೂತದ್ದು ಆ ಬದಿ. ಆಸ್ಪತ್ರೆಗೆ ತಲುಪುವ ಮೊದಲೇ ಹೋದರು. ಅವನಿಗೆ ಹಣೆಯ ಮೇಲೆ ಒಂದು ಗಾಯ, ಅಷ್ಟೇ.

ನಲವತ್ತರ ಸ್ಪೀಡಿನಲ್ಲಿದ್ದೆ ಎಂದು ಅವನು ಎಲ್ಲರಿಗೂ ಹೇಳಿದ. ಆ ಕಾರನ್ನು ನೋಡಿದವರು ಯಾರೂ ನಂಬಲಿಲ್ಲ. ಹೆಣ ಮನೆಗೆ ತಂದಾಗಲೇ ಅಂಗಳದಲ್ಲಿ ನಿಂತವರು, ಅಕ್ಕನನ್ನು ಕೊಂದ, ಎಂದು ಅವನಿಗೆ ಕೇಳುವ ಹಾಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ನಾನೂ ಆ ಅಂಗಳದಲ್ಲಿ ಕೈ ಕಟ್ಟಿ ನಿಂತಿದ್ದೆ.

ಉತ್ತರಕ್ರಿಯೆ ಮುಗಿದ ಮರುದಿನ ಮಾಸ್ಟ್ರು ಅಂಗಡಿಗೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಕೊಡೆಯಿಂದ ನೀರು ಇಳಿಯುತ್ತಿತ್ತು.

"ಒಂದೇ ಕೇಳ್ಲಿಕ್ಕೆ ಬಂದದ್ದು," ಎಂದರು. "ಅವ ಹೇಳ್ತಾನೆ, ನಲವತ್ತರಲ್ಲಿದ್ದೆ, ಹಿಂದೆ ತನ್ನಷ್ಟಕ್ಕೆ ಜಾರಿತು ಅಂತ. ಟೈರ್ ಹಾಕಿದ್ದು ನೀವು. ಟೈರಿನಲ್ಲಿ ಎಂತಾದ್ರೂ ಇತ್ತಾ? ಇದ್ರೆ ಹೇಳಿ. ನಾನು ಅವನನ್ನು ಮನೆಗೆ ಕರೀತೇನೆ."

ಅವರು ನನ್ನನ್ನು ಹಿಡಿಯಲು ಬಂದವರಲ್ಲ. ಹೆಂಡತಿಯ ತಮ್ಮನನ್ನು ನಂಬಲು ಒಂದು ಕಾರಣ ಕೇಳಿಕೊಂಡು ಬಂದವರು. ಅದು ನನ್ನ ಕೈಯಲ್ಲಿತ್ತು.

"ಟೈರ್ ಸರಿ ಇತ್ತು ಮಾಸ್ಟ್ರೇ," ಎಂದೆ. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ನಿಲ್ಲಿಸಲಿಲ್ಲ. "ನಲವತ್ತರಲ್ಲಿ ಹೋಗುವ ಕಾರು ಅಲ್ಲ ಅದು."

ಅವರು ತಲೆ ಆಡಿಸಿದರು. "ನೀವಾದ್ರೂ ನೇರ ಹೇಳಿದ್ರಿ," ಎಂದು ಕೊಡೆ ಬಿಡಿಸಿಕೊಂಡು ಮಳೆಗೆ ಇಳಿದರು. ಅಂದಿನಿಂದ ಬಿಜೈಯ ಆ ಮನೆಯ ಬಾಗಿಲು ಅವನಿಗೆ ಮುಚ್ಚಿತು.

ಜಜ್ಜಿಹೋದ ಕಾರನ್ನು ತಂದು ಹಾಕಿದ್ದು ನನ್ನ ಅಂಗಡಿಯಿಂದ ಸ್ವಲ್ಪ ದೂರದ ಒಂದು ಯಾರ್ಡಿನಲ್ಲಿ. ಒಂದು ದಿನ ಹೋಗಿ ನೋಡಿದೆ. ಮಳೆಗೆ ಪಾಲಿಶ್ ತೊಳೆದುಹೋಗಿ ಬಿರುಕುಗಳು ಬೆಳ್ಳಗೆ ಕಾಣುತ್ತಿದ್ದವು. ತಿಂಗಳುಗಳ ಮೇಲೆ ಕಾರು ಗುಜರಿಗೆ ಹೋಗುವಾಗ ಹಿಂದಿನ ಒಂದು ಟೈರನ್ನು ಕೇಳಿ ತಂದೆ. ಯಾರ ಕಣ್ಣಿಗೂ ಬೀಳದಿರಲಿ ಎಂದು ತಂದೆನೋ, ಎಂದಾದರೂ ತೋರಿಸಬೇಕು ಎಂದು ತಂದೆನೋ, ಇವತ್ತಿಗೂ ಸರಿಯಾಗಿ ಹೇಳಲಾರೆ. ಸುಟ್ಟುಹಾಕಲಿಲ್ಲ, ಅಷ್ಟು ನಿಜ.

ಕಳೆದ ವರ್ಷ ಮಾಸ್ಟ್ರು ಮಗಳ ಮದುವೆಯ ಕಾಗದ ಹಿಡಿದು ನನ್ನ ಮನೆಗೇ ಬಂದರು. ಅಂಗಡಿ ಮುಚ್ಚಿ ನಾನು ಮನೆಯಲ್ಲಿ ಕೂತು ಆಗಲೇ ಎರಡು ವರ್ಷ. "ಅಂಥ ಹೊತ್ತಿನಲ್ಲಿ ಮುಖ ನೋಡದೆ ಸತ್ಯ ಹೇಳಿದವರು ನೀವು. ಬರಲೇಬೇಕು," ಎಂದರು. ಅವರು ಹೋದ ಮೇಲೆ ಕಾಗದ ಬಿಡಿಸಿದೆ. ಅಜ್ಜ, ದೊಡ್ಡಪ್ಪ, ಅತ್ತೆಯಂದಿರು ಎಲ್ಲರ ಹೆಸರಿತ್ತು. ಸೋದರಮಾವನ ಹೆಸರು ಇರಲಿಲ್ಲ. ನಮ್ಮಲ್ಲಿ ಧಾರೆ ಎರೆಯುವಾಗ ಸೋದರಮಾವನ ಕೈ ಇರಬೇಕು. ತಾಯಿ ಇಲ್ಲದ ಹುಡುಗಿಗೆ ತಾಯಿಯ ಕಡೆಯವನೆಂದು ಇದ್ದವನು ಅವನೊಬ್ಬ. ಅವನ ಹೆಸರು ಇರಬೇಕಾದಲ್ಲಿ ಖಾಲಿ ಜಾಗವೂ ಬಿಟ್ಟಿರಲಿಲ್ಲ, ಮುಂದಿನ ಹೆಸರನ್ನು ಮೇಲೆ ತಂದು ಅಚ್ಚು ಹಾಕಿಸಿದ್ದರು.

ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಟೈರಿನ ಗೋಣಿ ತೆಗೆದೆ. ರಿಕ್ಷಾದವನು, "ಅಜ್ಜೆರೆ, ಈ ಪ್ರಾಯದಲ್ಲಿ ಟೈರ್ ಮಾರ್ಲಿಕ್ಕೆ ಹೊರಟದ್ದಾ?" ಎಂದು ನಗುತ್ತ ಅದನ್ನು ಹಿಂದಿನ ಸೀಟಿಗೆ ಏರಿಸಿಕೊಟ್ಟ. ಬಿಜೈಯವರೆಗೆ ಅದನ್ನು ಹಿಡಿದುಕೊಂಡೇ ಕೂತೆ.

ಮಾಸ್ಟ್ರು ಜಗಲಿಯ ಚಿಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ಮದುಮಗಳು ಒಳಗೆ ಯಾರೊಡನೆಯೋ ಸೀರೆಯ ವಿಷಯ ಮಾತಾಡುತ್ತಿದ್ದಳು. ನಾನು ಟೈರನ್ನು ಗೋಡೆಗೆ ಒರಗಿಸಿ, ನಿಂತೇ ಎಲ್ಲ ಹೇಳಿದೆ. ನಾಲ್ಕು ಅಂಕೆ, ಬಿರುಕು, ಪಾಲಿಶ್, ನಕ್ಕದ್ದು, ಅವರಿಗೇ ಹೇಳಿದ ಸುಳ್ಳು. ಅವರು ಕನ್ನಡಕ ಹಾಕಿಕೊಂಡು ಬಾಗಿ ಆ ಅಂಕೆಗಳನ್ನು ಓದಿದರು. ಮಕ್ಕಳ ತಪ್ಪು ಹುಡುಕುವವರ ಹಾಗೆ ಬೆರಳಿಟ್ಟು ಒಂದೊಂದಾಗಿ ಓದಿದರು. ಒಳಗಿನ ಮಾತು ನಿಂತಿತ್ತು.

"ನನಗೆ ಹೇಳಿ ಎಂತ ಪ್ರಯೋಜನ," ಎಂದರು. ಮೊಬೈಲ್ ತೆಗೆದು, ಎಂಟು ವರ್ಷದಿಂದ ಮಾಡದ ನಂಬರಿಗೆ ಫೋನ್ ಮಾಡಿ, "ಒಬ್ರು ಮಾತಾಡ್ತಾರೆ, ಕೇಳು," ಎಂದಷ್ಟೇ ಹೇಳಿ ಸ್ಪೀಕರಿಗೆ ಹಾಕಿ ನನ್ನ ಎದುರು ಹಿಡಿದರು.

ಮತ್ತೊಮ್ಮೆ ಎಲ್ಲ ಹೇಳಿದೆ. ಅವನು ಬೈದಿದ್ದರೆ ಒಳ್ಳೆಯದಿತ್ತು.

"ಅಣ್ಣ," ಎಂದ. "ಹಾಗಾದ್ರೆ ನಾನು ನಲವತ್ತರಲ್ಲೇ ಇದ್ದೆನಾ?"

ಅವನೇ ಮುಂದುವರಿಸಿದ.

"ನನ್ನ ಮಗಳೇ ಮಾತು ಬಿಟ್ಟಿದ್ದಳು. ತಪ್ಪು ಒಪ್ಪಿಕೊಂಡ್ರೆ ಮಾತಾಡ್ತೇನೆ ಅಂದ್ಲು. ಎಂಬತ್ತರಲ್ಲಿದ್ದೆ ಅಂತ ಒಪ್ಪಿಕೊಂಡೆ. ಹೇಳಿ ಹೇಳಿ, ಈಗ ಕಣ್ಣು ಮುಚ್ಚಿದ್ರೆ ನನಗೆ ಮೀಟರಿನಲ್ಲಿ ಎಂಬತ್ತೇ ಕಾಣ್ತದೆ. ನಿಜ ಎಷ್ಟಿತ್ತು ಅಣ್ಣ? ನಿಮಗೆ ಗೊತ್ತುಂಟಾ?"

ನನಗೆ ಹೇಗೆ ಗೊತ್ತಿರುತ್ತದೆ? ಆ ಕಾರಿನಲ್ಲಿ ಇದ್ದವರು ಇಬ್ಬರು, ಒಬ್ಬರು ಇಲ್ಲ. "ಟೈರ್ ಸರಿ ಇರ್ಲಿಲ್ಲ," ಎಂದೆ. ನನ್ನ ಬಳಿ ಇದ್ದ ಸತ್ಯ ಅಷ್ಟೇ. ಅದನ್ನೇ ಎರಡು ಮೂರು ಸಲ ಹೇಳಿದೆ.

ಮಾಸ್ಟ್ರ ಮಗಳು ಹೊರಗೆ ಬಂದಳು. ನನ್ನ ಕಡೆ ನೋಡಲಿಲ್ಲ. ತಂದೆಯ ಕೈಯಿಂದ ಫೋನ್ ತೆಗೆದುಕೊಂಡು, "ಮಾವ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಟೈರ್ ಎತ್ತಲು ಬಾಗಿದೆ. "ಅದು ಇಲ್ಲಿರ್ಲಿ," ಎಂದರು ಮಾಸ್ಟ್ರು. "ಅವ ಬಂದ್ರೆ ಅವನ ಕಣ್ಣಿಗೆ ತೋರಿಸ್ಬೇಕು. ಊರಿನವರಿಗೂ ತೋರಿಸ್ಬೇಕು." ಮತ್ತೆ ಕೈ ಚಾಚಿದರು. "ಆ ಮದುವೆ ಕಾಗದ ತಂದಿದ್ರೆ ವಾಪಸು ಕೊಡಿ."

ಅಂಗಿಯ ಜೇಬಿನಲ್ಲಿ ಮಡಚಿ ಇಟ್ಟಿದ್ದೆ. ಕೊಟ್ಟೆ.

ಮದುವೆಗೆ ಹೋಗಿಬಂದವರನ್ನು ಕೇಳಿದೆ. ಸೋದರಮಾವ ಬಂದಿದ್ದರಂತೆ. ಧಾರೆಗೆ ಕೈ ಹಿಡಿದರಂತೆ. ಊಟಕ್ಕೆ ನಿಲ್ಲಲಿಲ್ಲ. ಬಜಪೆಗೆ ಬಿಡಲು ಯಾರೋ ಕಾರು ತಂದರೆ ಬೇಡವೆಂದು, ಮಳೆಯಲ್ಲೇ ನಡೆದುಹೋಗಿ ಬಸ್ಸು ಹತ್ತಿದರಂತೆ.