ಕಬ್ಬಿಣಕ್ಕೆ ಕಷಾಯ ಕುಡಿಸಿದವರು

ನಮ್ಮ ಹಿರಿಯ ಕೆಮಿಸ್ಟರ ಬಲಗೈ ಮುಷ್ಟಿ ಪೂರ್ತಿ ಬಿಚ್ಚುತ್ತಿರಲಿಲ್ಲ. ಎಂದೋ ಆಸಿಡ್ ಬಿದ್ದು ಬೆರಳುಗಳ ಚರ್ಮ ಅಂಟಿಕೊಂಡಿತ್ತು. ಆ ಮುಷ್ಟಿಯಿಂದ ಮೇಜು ಗುದ್ದುತ್ತಿದ್ದರು, ಗೋಡೆ ಗುದ್ದುತ್ತಿದ್ದರು, ಒಮ್ಮೆ ನನ್ನ ಬೆನ್ನಿಗೂ ಬಿತ್ತು. ರಕ್ಷಣೆಯ ಕನ್ನಡಕ ಹಾಕದೆ ಆಸಿಡ್ ತೊಟ್ಟಿಗೆ ಬಗ್ಗಿದ್ದೆ. "ಕಣ್ಣು ಬ್ಯಾಡೇನ ನಿನಗ?" ಎಂದು ಗುಡುಗಿದ್ದರು. ಗದಗಿನವರು. ವಿಜಯವಾಡದವರನ್ನು ಮದುವೆಯಾಗಿ ಮನೆಯಲ್ಲಿ ಬರೀ ತೆಲುಗು. ಕನ್ನಡವೇನಿದ್ದರೂ ಬೈಗುಳಕ್ಕೆ, ಅದೂ ದಾವಣಗೆರೆ ಹುಡುಗಿಯಾದ ನನ್ನ ಪಾಲಿಗೆ.

ವಿಶಾಖಪಟ್ಟಣದ ಬಳಿಯ ಅಚ್ಯುತಾಪುರದ ನಮ್ಮ ಕಾರ್ಖಾನೆಯಲ್ಲಿ ಉಕ್ಕಿನ ಸರಳುಗಳ ತುಕ್ಕು ತೆಗೆಯಲು ಅವನ್ನು ಆಸಿಡ್ ತೊಟ್ಟಿಯಲ್ಲಿ ಮುಳುಗಿಸುತ್ತಿದ್ದರು. ಆಸಿಡ್ ಉಕ್ಕನ್ನೂ ಕೊರೆಯದಿರಲೆಂದು ಬೆರೆಸುತ್ತಿದ್ದ ರಾಸಾಯನಿಕದ ಆವಿಗೆ ಕೆಲಸಗಾರರು ಕೆಮ್ಮಿ ಕೆಮ್ಮಿ ರಕ್ತ ಕಾರುತ್ತಿದ್ದರು. ಅದರ ಬದಲು ಬೇವಿನೆಲೆಯ ರಸ ಹಾಕೋಣವೆಂದರು ಇವರು.

"ಇನುಮುಕಿ ಕಷಾಯಂ ತಾಗಿಸ್ತಾರಾ?" ಎಂದು ಮ್ಯಾನೇಜರ್ ನಕ್ಕ. ಕಬ್ಬಿಣಕ್ಕೆ ಕಷಾಯ ಕುಡಿಸ್ತೀರಾ ಅಂತ. ಇವರು ಅವನ ಕೊರಳಪಟ್ಟಿ ಹಿಡಿದು ದರದರ ಎಳೆದೊಯ್ದು, ಹೊಗೆಯಾಡುವ ತೊಟ್ಟಿಯ ಮೇಲೆ ಮುಖ ಅದುಮಿ ಹಿಡಿದರು. "ಪೀಲ್ಚು! ನುವ್ವು ಕೂಡಾ ಪೀಲ್ಚು!" ನೀನೂ ಉಸಿರೆಳೆದುಕೋ ಎಂದು. ಅವನ ಕಣ್ಣು ಮೂಗೆಲ್ಲ ಸುರಿಯಿತು. ನಾವೆಲ್ಲ ಸೇರಿ ಬಿಡಿಸಬೇಕಾಯಿತು. ನನಗೆ ಹೆದರಿಕೆಯಾಯಿತು, ಸುಳ್ಳೇಕೆ, ಖುಷಿಯೂ ಆಯಿತು.

ಮಾಲೀಕರು ಪಂಚಾಯಿತಿ ಮಾಡಿ ಒಂದೇ ಅವಕಾಶ ಕೊಟ್ಟರು: ಒಂದು ತೊಟ್ಟಿ, ಒಂದು ಕಟ್ಟು ಸರಳು. ಉಕ್ಕಿಗೆ ಗುಳಿ ಬಿದ್ದರೆ ಬೇವೂ ಹೊರಗೆ, ಇವರೂ ಹೊರಗೆ.

ಆ ದಿನ ಎಲ್ಲರ ಕಣ್ಣೂ ತೊಟ್ಟಿಯೊಳಗೆ. ತಲೆಯ ಮೇಲಿನ ಕ್ರೇನ್ ಸರಪಳಿಯನ್ನು ಆಸಿಡ್ ಆವಿ ವರ್ಷಗಟ್ಟಲೆ ಸವೆಸಿದ್ದನ್ನು ಯಾರೂ ನೋಡಲಿಲ್ಲ, ಅವರೂ ನೋಡಲಿಲ್ಲ. ಕಟ್ಟು ಇಳಿಯುವಾಗ ಸರಪಳಿ ಹರಿಯಿತು. ಅವರು ನನ್ನನ್ನು ಒದ್ದರು. ಹೌದು, ಹೊಟ್ಟೆಗೇ ಒದ್ದರು. ನಾನು ಗೋಡೆಗೆ ಹೋಗಿ ಬಿದ್ದೆ. ನಾನು ನಿಂತಿದ್ದಲ್ಲಿ ಈಗ ಅವರಿದ್ದರು. ಸರಳು ಬಿದ್ದ ರಭಸಕ್ಕೆ ಚಿಮ್ಮಿದ ಆಸಿಡ್ ಅವರನ್ನು ಮುಳುಗಿಸಿತು. ಅಂಥ ಕೂಗನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ಸರಳುಗಳು ರಾತ್ರಿಯಿಡೀ ತೊಟ್ಟಿಯಲ್ಲೇ ಉಳಿದವು. ಬೆಳಿಗ್ಗೆ ಎತ್ತಿ ನೋಡಿದರೆ ತುಕ್ಕೆಲ್ಲ ಹೋಗಿತ್ತು, ಉಕ್ಕಿಗೆ ಒಂದು ಗುಳಿಯೂ ಬಿದ್ದಿರಲಿಲ್ಲ. ವಿಶಾಖಪಟ್ಟಣದ ಆಸ್ಪತ್ರೆಗೆ ಓಡಿದೆ. ಬ್ಯಾಂಡೇಜಿನ ನಡುವೆ ಅವರ ತುಟಿ ಅಲುಗುತ್ತಿತ್ತು.

"ಕಬ್ಬಿಣಾ... ತಿಂತೇನು?"

ಆಸಿಡ್ ಉಕ್ಕನ್ನು ತಿಂದಿತೇ ಎಂದು ಕೇಳುತ್ತಿದ್ದರು. ಪಕ್ಕದಲ್ಲಿದ್ದ ಹೆಂಡತಿಗೆ ಕನ್ನಡ ಬಾರದು. ಅವರಿಗೆ ತಿಳಿದದ್ದು ತಿನ್ನುವ ಮಾತೊಂದೇ. "ತಿನ್ನಾನಂಡಿ, ತಿನ್ನಾನು," ನಾನು ತಿಂದೆ, ತಿಂದೆ ಎಂದು ಬಿಕ್ಕಿದರು.

ನಾನು ಕಿವಿಯ ಬಳಿ ಬಗ್ಗಿದೆ. "ತಿಂದಿಲ್ಲ ಸಾರ್. ಒಂಚೂರೂ ತಿಂದಿಲ್ಲ."

ಅವರು ಕಣ್ಣು ಮುಚ್ಚಿದರು. ಸಂಜೆಗೆ ತೀರಿಕೊಂಡರು. ನಮ್ಮ ತೊಟ್ಟಿಗಳಿಗೆ ಈಗ ಬೇವಿನ ರಸವೇ ಬೀಳುತ್ತದೆ.

ಅವರ ಹೆಂಡತಿ ವಿಜಯವಾಡಕ್ಕೆ ಮರಳಿದ್ದಾರೆ. ನಾನು ಹೋದಾಗಲೆಲ್ಲ ಅನ್ನ ಬಡಿಸುತ್ತಾ ಹೇಳುತ್ತಾರೆ: "ಪ್ರಾಣಂ ಪೋಯೇ ಮುಂದು ಕೂಡಾ ನೇನು ತಿನ್ನಾನಾ ಅನಿ ಅಡಿಗಾರಮ್ಮಾ." ಪ್ರಾಣ ಹೋಗುವ ಮುಂಚೆಯೂ ನಾನು ಉಂಡೆನಾ ಎಂದು ಕೇಳಿದರು ಕಣಮ್ಮಾ ಅಂತ.

"ಅವುನಂಡಿ," ಹೌದು ಎಂದು ನಾನು ತಲೆ ತಗ್ಗಿಸಿ ಉಣ್ಣುತ್ತೇನೆ.